ಟಿರೋಲ್ ಮಾಷ್ಟ್ರ ಅಧ್ಯಕ್ಷ ಭಾಷಣ

ಗುತ್ತಿಗಾರಿನಲ್ಲಿ ಬಸ್ಸಿಳಿದು ಚನಿಯಪ್ಪ ಮಾಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಚನಿಯಪ್ಪ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಟಿರೋಲ್ ಮಾಷ್ಟ್ರು ಎಂದರೆ ಸಾಕು, ರಿಕ್ಷಾದವರು ಬೆರಳು ಮಾಡಿ ತೋರಿಸುತ್ತಾರೆ, ಜೊತೆಗೆ ಒಂದು ನಗೆಯನ್ನೂ ಸೇರಿಸುತ್ತಾರೆ. ಆ ನಗೆ ಗೌರವದ್ದೆಂದೇ ಚನಿಯಪ್ಪನವರು ಇಪ್ಪತ್ತು ವರ್ಷದಿಂದ ತಿಳಿದುಕೊಂಡಿದ್ದರು. ತಿಳಿದುಕೊಳ್ಳಲಿ ಬಿಡಿ, ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದ ಅವರು ಊರಿನ ಅರೆಭಾಷೆ ಬಳಗದ ಅಧ್ಯಕ್ಷರು. ಬಳಗ ಹುಟ್ಟಿದಂದಿನಿಂದ ಅವರೇ ಅಧ್ಯಕ್ಷರು. ಬೇರೆ ಯಾರನ್ನಾದರೂ ಮಾಡೋಣವೇ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸುಳ್ಯದ ಸುತ್ತಮುತ್ತ ಗೌಡರ ಮನೆಗಳಲ್ಲಿ ಆಡುವ ಈ ಭಾಷೆಗೆ ಶಾಲೆಯಲ್ಲಿ ಜಾಗವಿಲ್ಲ, ರಸ್ತೆಯ ಬೋರ್ಡುಗಳಲ್ಲಿ ಜಾಗವಿಲ್ಲ, ಮಕ್ಕಳ ಬಾಯಲ್ಲಿ ಇದ್ದ ಜಾಗವೂ ಹೋಗುತ್ತಿದೆ ಎನ್ನುವುದು ಅವರ ಸಂಕಟ. ಸಂಕಟ ನಿಜವಾದದ್ದೇ, ಅದರಲ್ಲಿ ನಾಟಕವೇನೂ ಇರಲಿಲ್ಲ.

ಆ ಸಂಕಟಕ್ಕೆ ಅವರು ಹುಡುಕಿಕೊಂಡ ಮದ್ದು ದಕ್ಷಿಣ ಟಿರೋಲ್. ಹಾಲಿನ ಸೊಸೈಟಿಯ ಮಹಾಸಭೆಯಾಗಲಿ, ಯಾರದೋ ಹೊಸ ಮನೆಯ ಒಕ್ಕಲಾಗಲಿ, ಮೈಕ್ ಕೈಗೆ ಬಂದ ಎರಡನೇ ನಿಮಿಷಕ್ಕೆ ಮಾಷ್ಟ್ರು ಆಲ್ಪ್ಸ್ ಹತ್ತಿಬಿಡುತ್ತಿದ್ದರು. ಇಟಲಿಯ ಉತ್ತರದ ತುದಿಯಲ್ಲಿ ಆಸ್ಟ್ರಿಯಕ್ಕೆ ತಾಗಿಕೊಂಡ ಒಂದು ಬೆಟ್ಟಸೀಮೆ. ನಮ್ಮ ಮೂರು ತಾಲೂಕಿನ ಜನ ಸೇರಿದರೆ ಹೆಚ್ಚುಕಡಿಮೆ ಎಷ್ಟೋ, ಅಲ್ಲಿಯ ಜನಸಂಖ್ಯೆಯೂ ಅಂಥದ್ದೇ ಲೆಕ್ಕ. ಜರ್ಮನ್ ಆಡುವವರು ಹೆಚ್ಚು, ಇಟಾಲಿಯನ್ ಆಡುವವರು ಅದರ ನಂತರ, ಕೊನೆಗೆ ಬೆಟ್ಟದ ಕಣಿವೆಗಳಲ್ಲಿ ಲಾದಿನ್ ಎಂಬ ಪುಟ್ಟ ಭಾಷೆಯವರು, ನೂರಕ್ಕೆ ಐದೂ ಇಲ್ಲ. ಆದರೂ ಲಾದಿನ್ ಕಣಿವೆಯ ಶಾಲೆಯಲ್ಲಿ ಮಕ್ಕಳು ಮೂರೂ ಭಾಷೆ ಕಲಿಯುತ್ತಾರೆ, ಊರಿನ ಹೆಸರನ್ನು ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಬರೆಯುತ್ತಾರೆ. "ಐದು ಜನಕ್ಕೆ ಅಷ್ಟು ಮರ್ಯಾದೆ! ನಮಗೆ?" ಎಂದು ಕೇಳಿ ಮಾಷ್ಟ್ರು ಒಂದು ಗುಟುಕು ನೀರು ಕುಡಿಯುತ್ತಿದ್ದರು. ಇದನ್ನೆಲ್ಲ ಅವರು ಹೇಳುತ್ತಿದ್ದುದು ಒಳ್ಳೆಯ ಕನ್ನಡದಲ್ಲಿ. ಸಂಧಿ ಸಮಾಸಗಳಿಗೆ ಕಿಂಚಿತ್ತೂ ಕೊರತೆಯಿಲ್ಲದ, ಕಾಲೇಜಿನ ಕನ್ನಡದಲ್ಲಿ.

ಅವರು ಆ ಸೀಮೆಯನ್ನು ಕಣ್ಣಾರೆ ಕಂಡಿರಲಿಲ್ಲ. ಪುಸ್ತಕ ತರಿಸಿದ್ದರು, ನಕ್ಷೆ ಅಂಟಿಸಿದ್ದರು, ಪತ್ರಿಕೆಯ ತುಣುಕುಗಳನ್ನು ಕಾಗದದ ಕವರಿನಲ್ಲಿ ಕೂಡಿಟ್ಟಿದ್ದರು. ನಿವೃತ್ತಿಯಾದ ವರ್ಷ ಪುತ್ತೂರಿಗೆ ಹೋಗಿ, ಬಾಡಿಗೆ ಕೋಟು ತೊಟ್ಟು ಫೋಟೋ ಹೊಡೆಸಿಕೊಂಡು, ಪಾಸ್‌ಪೋರ್ಟ್ ಕೂಡ ಮಾಡಿಸಿಟ್ಟುಕೊಂಡಿದ್ದರು. ಒಂದಲ್ಲ ಒಂದು ದಿನ ಯಾರಾದರೂ ಕರೆಯುತ್ತಾರೆ ಎಂದು ಅವರಿಗೆ ಒಳಗೊಳಗೇ ಖಾತ್ರಿಯಿತ್ತು.

ಕರೆ ಬಂತು. ಬಂದದ್ದು ಉದಯಶಂಕರನಿಗೆ.

ಅಲ್ಲಿಯ ಸೇಬು ಬೆಳೆಗಾರರು ಸಹಕಾರಿ ಸಂಘ ಕಟ್ಟಿಕೊಂಡು ಹೇಗೆ ಬದುಕುತ್ತಾರೆ ಎಂದು ನೋಡಿ ಬರಲು ಇಲ್ಲಿಯ ಅಡಿಕೆ ಬೆಳೆಗಾರರ ಒಂದು ಸಂಘ ಐದು ಜನರನ್ನು ಕಳಿಸಿತು. ಸುದ್ದಿ ತಿಳಿದ ಕೂಡಲೇ ಮಾಷ್ಟ್ರು ಕವರು ಹಿಡಿದುಕೊಂಡು ಸಂಘದ ಆಫೀಸಿಗೆ ಓಡಿದ್ದರು. ಆ ನೆಲದ ಚರಿತ್ರೆ ತಿಳಿದವನು ಒಬ್ಬ ಜೊತೆಗಿದ್ದರೆ ಒಳ್ಳೆಯದಲ್ಲವೇ ಎಂದು ವಿನಯದಿಂದಲೇ ಕೇಳಿದ್ದರು. ಅಲ್ಲಿದ್ದವರು ಚಹಾ ಕುಡಿಸಿ, "ಅಲ್ಲ ಮಾಷ್ಟ್ರೆ, ಇದು ಅಡಿಕೆಯವರಿಗೆ ಮಾತ್ರ ಇರುದು. ನಿಮ್ಮದು ರಬ್ಬರ್ ಅಲ್ವಾ?" ಎಂದು ಕೇಳಿ ಕಳಿಸಿದರು. ಐವರಲ್ಲಿ ನಾಲ್ವರ ಹೆಸರು ಮಾಷ್ಟ್ರಿಗೆ ನೆನಪಿಗೂ ಉಳಿಯಲಿಲ್ಲ. ಐದನೆಯದು ಗಂಟಲಿನ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು.

ಉದಯಶಂಕರ ರೈ ಕಾಣಿಯೂರಿನವರು, ಮನೆಭಾಷೆ ತುಳು. ಮಾಷ್ಟ್ರಿಗೂ ಅವರಿಗೂ ನಲವತ್ತೈದು ವರ್ಷದ ಗೆಳೆತನ. ಪುತ್ತೂರಿನ ಹಾಸ್ಟೆಲಿನಲ್ಲಿ ಮೊದಲ ದಿನ ಚನಿಯಪ್ಪ, "ಈ ಬಕೆಟ್ ನಿಮ್ಮದಾ?" ಎಂದು ಕನ್ನಡದಲ್ಲಿ ಕೇಳಿದ್ದ. ಉದಯ, "ಹೌದು, ಬೇಕಾದ್ರೆ ತಕೊಳ್ಳಿ" ಎಂದು ಕನ್ನಡದಲ್ಲಿ ಉತ್ತರಿಸಿದ್ದ. ಅಲ್ಲಿಗೆ ತೀರ್ಮಾನವಾಯಿತು. ನಮ್ಮ ಕಡೆ ಇದೊಂದು ಕಟ್ಟಳೆ, ಯಾರೂ ಬರೆದಿಟ್ಟದ್ದಲ್ಲ: ಇಬ್ಬರು ಮೊದಲ ಸಲ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೋ ಸಾಯುವ ತನಕ ಅವರ ನಡುವೆ ಅದೇ ಭಾಷೆ. ಇಬ್ಬರಿಗೂ ಐದೈದು ಭಾಷೆ ಗೊತ್ತಿದ್ದರೂ ಅಷ್ಟೇ. ಮಾಷ್ಟ್ರ ಹೆಂಡತಿ ನೀಲಾವತಿ ಕಂಡಕ್ಟರನೊಡನೆ ತುಳು, ಜಾಲ್ಸೂರಿನ ಪಾತ್ರೆ ಅಂಗಡಿಯವನೊಡನೆ ಮಲಯಾಳ, ಪೇಟೆಯಲ್ಲಿ ರವಕೆ ಹೊಲಿಯುವ ರುಖಿಯಮ್ಮನೊಡನೆ ಅರೆಭಾಷೆ ಆಡುತ್ತಾಳೆ. ಅದೇ ರುಖಿಯಮ್ಮ ಮಾಷ್ಟ್ರೊಡನೆ ಆಡುವುದು ಕನ್ನಡ, ಏಕೆಂದರೆ ಮಾಷ್ಟ್ರು ಅವಳ ಅಂಗಡಿಯ ಮೆಟ್ಟಿಲು ಹತ್ತಿದ ಮೊದಲ ದಿನ ಕನ್ನಡದಲ್ಲಿ ಮಾತಾಡಿಸಿದ್ದರು. ಗೊತ್ತಾದ ಭಾಷೆಯನ್ನು ನಡುವೆ ಬದಲಿಸುವುದೆಂದರೆ ತಮ್ಮನನ್ನು ಇದ್ದಕ್ಕಿದ್ದಂತೆ ಬಹುವಚನದಲ್ಲಿ ಕರೆದಷ್ಟು ಮುಜುಗರ.

ಹನ್ನೊಂದು ದಿನ ತಿರುಗಾಡಿ ಉದಯಶಂಕರ ಮರಳಿದರು. ಮರುದಿನವೇ ಗುತ್ತಿಗಾರಿಗೆ ಬಂದು, ಒಂದು ಪೊಟ್ಟಣ ಒಣಗಿಸಿದ ಸೇಬಿನ ಚೂರು ಕೊಟ್ಟು, ಮೊಬೈಲು ತೆರೆದರು.

"ನೋಡು ಮಾರಾಯ, ನಿನ್ನ ಬೋರ್ಡು. ನೀನು ಹೇಳ್ತಿದ್ದೆಯಲ್ಲ, ಮೂರು ಭಾಷೆಯದ್ದು. ನಿನಗೆ ಅಂತಲೇ ಬಸ್ಸು ನಿಲ್ಲಿಸಿ ತೆಗ್ಸಿದ್ದು."

ಚನಿಯಪ್ಪನವರು ಕನ್ನಡಕ ಏರಿಸಿ ನೋಡಿದರು. ಬೋರ್ಡು ಇತ್ತು. ಅದರ ಮುಂದೆ ಹೆಬ್ಬೆರಳು ಎತ್ತಿಕೊಂಡು ಉದಯಶಂಕರ ಇದ್ದರು. ಲಾದಿನ್ ಹೆಸರು ಇರಬೇಕಾದ ಜಾಗಕ್ಕೆ ಸರಿಯಾಗಿ ಅವರ ತಲೆ ಅಡ್ಡವಾಗಿತ್ತು. ಇಪ್ಪತ್ತು ವರ್ಷ ಕನಸಿನಲ್ಲಿ ಕಂಡ ಅಕ್ಷರದ ಮೇಲೆ ಈ ಮನುಷ್ಯನ ಬೋಳು ತಲೆ! ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು.

"ಚೆನ್ನಾಗಿ ಬಂದಿದೆ" ಎಂದರು.

"ಚಳಿ ಅಂದ್ರೆ ಎಂತ ಚಳಿ ಮಾರಾಯ! ಆದ್ರೆ ಸಂಜೆ ಹೊತ್ತಿಗೆ ಆ ಬಂಡೆ ಬೆಟ್ಟಗಳೆಲ್ಲ ಕೆಂಪು ಕೆಂಪು ಆಗ್ತದೆ. ನೀನು ಬರ್ಬೇಕಿತ್ತು."

ಬರಬೇಕಿತ್ತಂತೆ! ಆ ಒಂದು ಮಾತಿಗೆ ಮಾಷ್ಟ್ರು ಸೇಬಿನ ಚೂರನ್ನು ಮೂರು ದಿನ ಮುಟ್ಟಲಿಲ್ಲ. ನೀಲಾವತಿ ತಿಂದು, ಚೆನ್ನಾಗಿದೆ ಎಂದಳು. ಅದೂ ಅವರಿಗೆ ಸರಿಬರಲಿಲ್ಲ.

ಮುಂದಿನದು ಇನ್ನೂ ಕೆಟ್ಟದಾಯಿತು. ಬಳಗದ ಕಾರ್ಯದರ್ಶಿ ಶ್ರೀಶ ಉತ್ಸಾಹಿ ಮನುಷ್ಯ, ಆದರೆ ಎದುರಿಗಿರುವವರ ಮುಖ ಓದಲು ಬಾರದವನು. ಬಳಗದ ತಿಂಗಳ ಸಭೆಯಲ್ಲಿ ಈ ಸಲ ಉದಯಶಂಕರರಿಂದ 'ದಕ್ಷಿಣ ಟಿರೋಲ್: ಒಂದು ಪರಿಚಯ' ಎಂದು ಅವನೇ ನಿಶ್ಚಯಿಸಿ ವಾಟ್ಸಾಪಿನಲ್ಲಿ ಹಾಕಿಬಿಟ್ಟ. ಅದಕ್ಕೆ ನಲವತ್ತು ಜನ ಹೆಬ್ಬೆರಳು ಒತ್ತಿದರು. ಅಧ್ಯಕ್ಷತೆ: ಶ್ರೀ ಚನಿಯಪ್ಪ ಗೌಡರು.

"ಟಿರೋಲನ್ನು ಈ ಊರಿಗೆ ಪರಿಚಯಿಸಬೇಕೇ? ನಾನು ಇಷ್ಟು ವರ್ಷ ಮಾಡಿದ್ದೇನು?" ಎಂದು ಮಾಷ್ಟ್ರು ಫೋನಿನಲ್ಲಿ ಕೇಳಿದರು.

"ನೀವು ಓದಿ ಹೇಳಿದ್ದು ಸಾರ್. ಇವರು ನೋಡಿ ಬಂದವರಲ್ವಾ?" ಎಂದ ಶ್ರೀಶ. ಇಂಥ ಮಾತನ್ನು ನಗುನಗುತ್ತಾ ಹೇಳುವವರಿಗೆ ದೇವರು ಎಂಥ ನಾಲಗೆ ಕೊಟ್ಟಿರುತ್ತಾನೋ.

ಮಾಷ್ಟ್ರು ಆ ದಿನವೇ ಬರೆಯಲು ಕೂತರು. ಅಧ್ಯಕ್ಷರಿಗೆ ಒಂದು ಅನುಕೂಲವಿದೆ, ಕೊನೆಯ ಮಾತು ಅವರದ್ದು. ಉದಯ ಏನು ತಪ್ಪು ಹೇಳಬಹುದು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಯುದ್ಧದ ಇಸವಿ ತಪ್ಪುತ್ತಾನೆ, ಒಪ್ಪಂದದ ಹೆಸರು ತಪ್ಪುತ್ತಾನೆ, ಸ್ವಾಯತ್ತತೆಯ ಶಾಸನ ಅವನಿಗೆ ಗೊತ್ತೇ ಇಲ್ಲ. ಎಲ್ಲವನ್ನೂ ನಯವಾಗಿ, ಒಂದೊಂದಾಗಿ ತಿದ್ದಿ, ನೋಡುವುದು ಬೇರೆ, ತಿಳಿಯುವುದು ಬೇರೆ ಎಂದು ಸಭೆಗೆ ಮನದಟ್ಟು ಮಾಡಿಸುವ ಎಂಟು ಪುಟದ ಭಾಷಣ ತಯಾರಾಯಿತು. ಗೆಳೆಯನ ಮುಖ ಆ ಹೊತ್ತಿಗೆ ಹೇಗಾಗಬಹುದು ಎಂದು ನೆನೆದರೆ ಮಾಷ್ಟ್ರಿಗೆ ಸಣ್ಣ ಸುಖವಾಗುತ್ತಿತ್ತು. ಸುಖಪಟ್ಟದ್ದಕ್ಕೆ ನಾಚಿಕೆಯೂ ಆಗುತ್ತಿತ್ತು, ಆದರೆ ನಾಚಿಕೆ ಬೇಗ ಹೋಗುತ್ತಿತ್ತು.

ಈ ನಡುವೆ ಇನ್ನೊಂದು ವಿಚಿತ್ರ ಶುರುವಾಯಿತು. ದಿನಾ ಮಧ್ಯಾಹ್ನ ಊಟದ ನಂತರ ನೀಲಾವತಿ ಮೊಬೈಲು ಹಿಡಿದು ಹಿತ್ತಿಲ ಕಡೆ ಹೋಗುತ್ತಿದ್ದಳು. ಒಂದು ದಿನ ಮಾಷ್ಟ್ರು ಬಚ್ಚಲಿನ ನೆಪ ಮಾಡಿಕೊಂಡು ಹಿಂದೆಯೇ ಹೋಗಿ ಕಿವಿಗೊಟ್ಟರು.

"ಹಂಗಲ್ಲ ಉದಯಣ್ಣ, ಇನ್ನೊಮ್ಮೆ ಹೇಳಿ" ಎಂದು ಹೆಂಡತಿ ನಗುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, "ಇಲ್ಲೆ, ಇಲ್ಲೆ. ಅವ್ಕೆ ಗೊತ್ತಾಕಿಲ್ಲೆ" ಎಂದಳು. ಅವರಿಗೆ ಗೊತ್ತಾಗುವುದಿಲ್ಲವಂತೆ!

ಮಾಷ್ಟ್ರಿಗೆ ಎಲ್ಲ ಅರ್ಥವಾಯಿತು, ಅಥವಾ ಆಯಿತೆಂದುಕೊಂಡರು. ಹೆಂಡತಿ ತಮ್ಮ ಟಿಪ್ಪಣಿಗಳನ್ನು ಆ ಉದಯನಿಗೆ ಓದಿ ಹೇಳುತ್ತಿದ್ದಾಳೆ. ಇಪ್ಪತ್ತು ವರ್ಷದ ಕವರು, ಬೇರೆಯವನ ಬಾಯಲ್ಲಿ! ಕೇಳಿ ಜಗಳ ಮಾಡಬಹುದಿತ್ತು. ಹಾಗೆ ಮಾಡಿದರೆ ತಾನು ಹೊಟ್ಟೆಕಿಚ್ಚಿನವನೆಂದು ಒಪ್ಪಿಕೊಂಡಂತೆ ಆಗುತ್ತದಲ್ಲ. ಅದಕ್ಕೆ ಕವರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡಿದರು. ಫೋನು ಮಾತ್ರ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸೊಸೈಟಿ ಕಟ್ಟಡದ ಮಹಡಿಯ ಸಭಾಂಗಣ ತುಂಬಿತ್ತು. ಸಾಮಾನ್ಯವಾಗಿ ಹದಿನೈದು ಜನ ಬರುವ ಸಭೆಗೆ ಆ ದಿನ ಎಪ್ಪತ್ತಕ್ಕೂ ಹೆಚ್ಚು ಜನ. ಸ್ವಸಹಾಯ ಸಂಘದ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿ, ಅವರ ನಡುವೆ ರುಖಿಯಮ್ಮ, ಪಕ್ಕದಲ್ಲಿ ನೀಲಾವತಿ. ಫೋಟೋ ತೋರಿಸುವ ಪ್ರೊಜೆಕ್ಟರಿನ ವಯರು ಜೋಡಿಸುತ್ತಿದ್ದವನು ಮಾಷ್ಟ್ರ ಮಗ ಸುಜಯ್. ಮೂವತ್ತನಾಲ್ಕು ವರ್ಷದ ಅವನು ಆನೆ ಬಾರದಂತೆ ತೋಟಗಳಿಗೆ ಸೋಲಾರ್ ಬೇಲಿ ಹಾಕಿಸಿಕೊಡುವ ಕೆಲಸದವನು. ಅವನು ಅಂಗನವಾಡಿಗೆ ಹೋಗುವ ಕಾಲದಲ್ಲೇ ಉಚ್ಚಾರ ಕೆಡಬಾರದೆಂದು ಮಾಷ್ಟ್ರು ಅವನೊಡನೆ ಕನ್ನಡದಲ್ಲೇ ಮಾತಾಡುವುದೆಂದು ನಿಶ್ಚಯಿಸಿದ್ದರು. ಉಚ್ಚಾರ ಚೆನ್ನಾಗಿಯೇ ಬಂದಿತ್ತು.

ಉದಯಶಂಕರ ಎದ್ದು ನಿಂತರು. ಬಿಳಿ ಅಂಗಿ, ಕೈಯಲ್ಲಿ ಮಡಚಿದ ಒಂದೇ ಹಾಳೆ. ಮಾಷ್ಟ್ರು ಪೆನ್ಸಿಲು ಹಿಡಿದು ಟಿಪ್ಪಣಿ ಪುಸ್ತಕ ತೆರೆದರು. ಉದಯಶಂಕರ ಗಂಟಲು ಸರಿಮಾಡಿಕೊಂಡು ಹೇಳಿದರು:

"ಎಲ್ಲವ್ಕೂ ನಮಸ್ಕಾರ. ನಾ ಕಾಣಿಯೂರುನ ಉದಯಶಂಕರ. ಇಂದ್ ನಿಮ್ಮ ಭಾಷೆಲಿ ಹೇಳ್ನೆ. ತಪ್ಪಾದರೆ ನೆಗಾಡಿ, ಎದ್ದ್ ಹೋಕೆ ಇಲ್ಲೆ."

ನಕ್ಕರೂ ಸರಿ, ಎದ್ದು ಹೋಗಬಾರದಂತೆ! ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅದು ಹಿಂದಿನ ಸಾಲಿಗೂ ಹಬ್ಬಿತು. ಎಲ್ಲರೂ ಕೂತಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದರು. ಬಳಗದ ಹನ್ನೊಂದು ವರ್ಷದ ಚರಿತ್ರೆಯಲ್ಲಿ ಆ ಮೈಕಿನಲ್ಲಿ ಅರೆಭಾಷೆ ಕೇಳಿದ್ದು ಅದೇ ಮೊದಲು. ಅರೆಭಾಷೆ ಉಳಿಯಬೇಕು ಎಂದು ಅಲ್ಲಿ ನೂರು ಸಲ ಹೇಳಿದ್ದರು, ನೂರು ಸಲವೂ ಕನ್ನಡದಲ್ಲಿ ಹೇಳಿದ್ದರು. ಮಾಷ್ಟ್ರ ಕಿವಿ ಕೆಂಪಾಯಿತು. ಹಿತ್ತಿಲಿನ ಫೋನು ಯಾವುದಕ್ಕೆಂದು ಈಗ ತಿಳಿಯಿತು. ಹೆಂಡತಿ ಕವರು ಕದ್ದಿರಲಿಲ್ಲ. ಅವಳು ಕೊಟ್ಟದ್ದು ಬೀಗ ಹಾಕಿ ಇಡಲಾಗದ ಭಾಷೆಯನ್ನು.

ಉದಯಶಂಕರ ತಪ್ಪು ತಪ್ಪಾಗಿಯೇ ಮಾತಾಡಿದರು. ನಡುನಡುವೆ ತುಳು ನುಗ್ಗುತ್ತಿತ್ತು. ಸೇಬಿನ ಮರಗಳನ್ನು ತಂತಿಗೆ ಕಟ್ಟಿ ಸಾಲಾಗಿ ನಿಲ್ಲಿಸುವುದನ್ನು ಹೇಳಿದರು. ಮನೆಯ ಜಮೀನು ಪಾಲಾಗದಂತೆ ಒಬ್ಬನೇ ವಾರಸುದಾರನಿಗೆ ಹೋಗುವ ಅಲ್ಲಿಯ ಪದ್ಧತಿ ಹೇಳಿದಾಗ ಗಂಡಸರೆಲ್ಲ ಪಕ್ಕದವರ ಮುಖ ನೋಡಿಕೊಂಡರು. ಒಣಗಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಂಡೆ ಕಟ್ಟಿ ಬೇಯಿಸುತ್ತಾರೆ ಎಂದಾಗ, ಅದಕ್ಕೆ ಏನೆನ್ನಬೇಕೆಂದು ತಿಳಿಯದೆ ನಿಂತರು. "ಉಂಡೆ ಹೇಳಿ, ಸಾಕು!" ಎಂದು ಮುಂದಿನ ಸಾಲಿನವರೊಬ್ಬರು ಕೂಗಿದರು. "ಹಾಂ, ಉಂಡೆ" ಎಂದು ಉದಯಶಂಕರ ಒಪ್ಪಿಕೊಂಡು ಮುಂದುವರಿಸಿದರು. ಚನಿಯಪ್ಪನವರ ಭಾಷಣದ ನಡುವೆ ಹೀಗೆ ಯಾರೂ ಬಾಯಿ ಹಾಕಿದ್ದೇ ಇಲ್ಲ.

ಮಾಷ್ಟ್ರು ಬರೆದುಕೊಂಡರು. ಎರಡನೇ ಮಹಾಯುದ್ಧದ ನಂತರ ಆ ಸೀಮೆ ಆಸ್ಟ್ರಿಯದಿಂದ ಇಟಲಿಗೆ ಹೋಯಿತು ಎಂದ: ತಪ್ಪು, ಮೊದಲನೆಯ ಯುದ್ಧ. ರಾಜಧಾನಿಯ ಒಂದೇ ಹೆಸರು ಹೇಳಿದ, ಜರ್ಮನ್ ಹೆಸರು ಬಿಟ್ಟ. ಇಟಲಿಯ ಸರ್ವಾಧಿಕಾರಿಯ ಕಾಲದಲ್ಲಿ ಜರ್ಮನ್ ಶಾಲೆ ಮುಚ್ಚಿಸಿ, ಊರುಗಳ ಹೆಸರನ್ನೂ ಬದಲಿಸಿದಾಗ, ಜನ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿ ಕದ್ದುಮುಚ್ಚಿ ತಮ್ಮ ಭಾಷೆ ಕಲಿಸಿದ್ದನ್ನು ಹೇಳಿದ. ಅದು ಸರಿಯಾಗಿತ್ತು. ಸರಿಯಾದದ್ದನ್ನು ಮಾಷ್ಟ್ರು ಬರೆದುಕೊಳ್ಳಲಿಲ್ಲ.

ಕೊನೆಗೆ ಉದಯಶಂಕರ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು, ಬಾದಿಯಾ ಎಂಬ ಲಾದಿನ್ ಕಣಿವೆಯ ಒಂದು ಮನೆಯ ಕಥೆ ಹೇಳಿದರು. ಅಲ್ಲಿಯ ಹೆಂಗಸು ಹಾಲಿನ ಲಾರಿಯವನೊಡನೆ ಇಟಾಲಿಯನ್, ತಂಡದ ಗೈಡಿನೊಡನೆ ಜರ್ಮನ್, ಮಗಳೊಡನೆ ಲಾದಿನ್ ಆಡುತ್ತಿದ್ದಳಂತೆ. ನಮ್ಮ ಊರಿನ ಹೆಂಗಸರ ಹಾಗೆಯೇ ಎಂದು ಉದಯಶಂಕರ ಗೈಡಿನ ಮೂಲಕ ಹೇಳಿಸಿದರಂತೆ. ನಿಮ್ಮಲ್ಲಿಯೂ ಚಿಕ್ಕ ಭಾಷೆ ಉಂಟೋ ಎಂದು ಅವಳು ಕೇಳಿದಳು. ಉಂಟು, ಅರೆಭಾಷೆ, ಅದಕ್ಕಾಗಿ ಜೀವ ಬಿಡುವ ಗೆಳೆಯ ನನಗಿದ್ದಾನೆ ಎಂದರು. ಹಾಗಾದರೆ ಅದರಲ್ಲಿ ಒಂದು ಮಾತು ಹೇಳು, ಕೇಳೋಣ ಎಂದಳು.

"ನಂಗೆ ಬಾಯಿಗೇ ಬಾತ್ಲೆ" ಎಂದರು ಉದಯಶಂಕರ. ಬಾಯಿಗೇ ಬರಲಿಲ್ಲ. "ನಲವತ್ತೈದು ವರ್ಷದ ಗೆಳೆಯ, ಒಂದು ಮಾತೂ ಕಲೀಲಿಲ್ವಾ, ತಪ್ಪು ಯಾರದ್ದು ಅಂತ ಆ ಹೆಣ್ಣ್ ಕೇಳ್ತ್. ನನ್ನದೇ ಅಂತ ಹೇಳಿ ಬಂದೆ."

ಮಾಷ್ಟ್ರ ಪೆನ್ಸಿಲು ನಿಂತಿತು. ತಪ್ಪು ತನ್ನದೆಂದನಂತೆ. ಅದನ್ನೂ ಅವನೇ ತೆಗೆದುಕೊಂಡನಲ್ಲ! ಹೋದವನು ಅವನು, ನೋಡಿದವನು ಅವನು, ಅರೆಭಾಷೆಯಲ್ಲಿ ಮಾತಾಡಿದವನು ಅವನು, ಈಗ ದೊಡ್ಡ ಮನಸ್ಸೂ ಅವನದೇ. ಕೈಚಪ್ಪಾಳೆ ನಿಲ್ಲುವಂತಿರಲಿಲ್ಲ.

ಶ್ರೀಶ ಅಧ್ಯಕ್ಷರನ್ನು ಕರೆದ. ಚನಿಯಪ್ಪನವರು ಎಂಟು ಪುಟ ಹಿಡಿದು ಮೈಕಿನ ಮುಂದೆ ನಿಂತರು.

"ಮಾನ್ಯ ಅತಿಥಿಗಳು ಅತ್ಯಂತ ಉತ್ಸಾಹಪೂರ್ವಕವಾಗಿ ಮಾತನಾಡಿದ್ದಾರೆ. ಆದರೆ ಚಾರಿತ್ರಿಕ ವಿವರಗಳ ಕುರಿತು ಕೆಲವು ಸ್ಪಷ್ಟೀಕರಣಗಳು ಅವಶ್ಯಕವೆನಿಸುತ್ತವೆ..."

ಮುಂದಕ್ಕೆ ಬಾಗಿದ್ದವರು ಹಿಂದಕ್ಕೆ ಒರಗಿದರು. ನಗುತ್ತಿದ್ದ ಮುಖಗಳು ಶಾಲೆಯ ಮಕ್ಕಳ ಮುಖಗಳಾದವು. ಇಬ್ಬರು ಮೊಬೈಲು ತೆಗೆದರು. ನೀಲಾವತಿ ಕಿಟಕಿಯ ಕಡೆ ನೋಡತೊಡಗಿದಳು. ಇಷ್ಟು ವರ್ಷವೂ ಹೀಗೇ ಇತ್ತಲ್ಲವೇ, ತಾನದನ್ನು ಗೌರವ ಎಂದುಕೊಂಡಿದ್ದೆನಲ್ಲವೇ ಎಂದು ಮಾಷ್ಟ್ರಿಗೆ ಆ ಕ್ಷಣಕ್ಕೆ ಹೊಳೆಯಿತು. ಮುಂದಿನ ವಾಕ್ಯ ಕಾಗದದ ಮೇಲಿತ್ತು, ಆದರೆ ಅದು ಬಾಯಿಗೆ ಬರಲಿಲ್ಲ.

ಅರೆಭಾಷೆಯಲ್ಲಿ ಹೇಳೋಣ ಎಂದರೆ, ಭಾಷಣಕ್ಕೆ ಬೇಕಾದ ಅರೆಭಾಷೆ ಅವರ ಬಳಿ ಇರಲಿಲ್ಲ. ಮನೆಯಲ್ಲಿ ಅವರು ಅದನ್ನು ಬಳಸುತ್ತಿದ್ದುದು ಎರಡೇ ಕೆಲಸಕ್ಕೆ, ಊಟ ಕೇಳಲು ಮತ್ತು ಬಯ್ಯಲು. ಆ ಹೊತ್ತಿಗೆ ಎರಡನೆಯದು ತಾನಾಗಿಯೇ ಹೊರಗೆ ಬಂತು.

"ನಂಗೆ ಹೊಟ್ಟೆಕಿಚ್ಚು ಉಟ್ಟು" ಎಂದರು.

ಶ್ರೀಶ ಬೆಚ್ಚಿ ತಲೆಯೆತ್ತಿದ.

"ಇಪ್ಪತ್ತು ವರ್ಷ ಓದ್ದ್ ನಾ. ಹೋದ್ದ್ ಇಂವ! ನನ್ನ ಬೋರ್ಡ್‌ಗೆ ತಲೆ ಅಡ್ಡ ಹಿಡ್ದ್ ನಿಂತದ್ದ್ ಇಂವ! ನನ್ನ ಹೆಣ್ಣ್‌ನ ಹಕ್ಕಲೆ ನನ್ನ ಭಾಷೆ ಕಲ್ತದ್ದೂ ಇಂವ!"

ತನ್ನ ಹೆಂಡತಿಯ ಹತ್ತಿರವೇ ಕಲಿತನೆಂಬ ದೂರಿಗೆ ಸಭಾಂಗಣದಲ್ಲಿ ನಗೆ ಸಿಡಿಯಿತು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಷ್ಟ್ರು ನಗಲಿಲ್ಲ. ಒಮ್ಮೆ ಬಾಯಿ ಬಿಚ್ಚಿದ ಮೇಲೆ ನಿಲ್ಲಿಸುವುದೂ ಅವರ ಕೈಯಲ್ಲಿರಲಿಲ್ಲ. ಬಾಡಿಗೆ ಕೋಟು ಹೇಳಿದರು, ಖಾಲಿ ಪಾಸ್‌ಪೋರ್ಟ್ ಹೇಳಿದರು, ರಬ್ಬರಿನ ಅವಮಾನ ಹೇಳಿದರು. ಕವರಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಹೇಳುವಾಗ ನೀಲಾವತಿ ತಲೆ ಚಚ್ಚಿಕೊಂಡಳು. ಉದಯಶಂಕರನ ಮೇಲೆ ಗುತ್ತಿಗಾರಿನಲ್ಲಿ ಎಷ್ಟು ಬಗೆಯ ಬಯ್ಗುಳ ಉಂಟೋ ಅದರಲ್ಲಿ ಸಭೆಯಲ್ಲಿ ಆಡಬಹುದಾದಷ್ಟನ್ನೂ ಸೇರಿಸಿ ಹನ್ನೆರಡು ನಿಮಿಷ ಬೈದರು. ಯುದ್ಧದ ಇಸವಿ ತಿದ್ದಲು ಮರೆತೇ ಹೋಯಿತು. ಕುರ್ಚಿಯಲ್ಲಿ ಉದಯಶಂಕರ ಕಣ್ಣೊರೆಸಿಕೊಳ್ಳುತ್ತಿದ್ದರು. ನಗೆಯೋ ಇನ್ನೇನೋ ಅವರಿಗೂ ಗೊತ್ತಿದ್ದಂತಿರಲಿಲ್ಲ.

ಬೈದು ಮುಗಿದು ಮಾಷ್ಟ್ರು ನೀರು ಕುಡಿಯುವಾಗ ಮುಂದಿನ ಸಾಲಿನಿಂದ ರುಖಿಯಮ್ಮ ಎದ್ದು ನಿಂತಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಅವಳು ಮಾಷ್ಟ್ರೊಡನೆ ಎಂದಿನಂತೆ ಕನ್ನಡದಲ್ಲೇ ಕೇಳಿದಳು:

"ಅಲ್ಲ ಮಾಷ್ಟ್ರೆ, ನಿಮಗೆ ಅರೆಭಾಷೆ ಬರ್ತದಾ? ನೀಲಾವತಿಯಕ್ಕ ಮಾತ್ರ ಇಲ್ಲಿಯವರು, ನೀವು ಘಟ್ಟದ ಮೇಲಿನವರು ಅಂತ ನಾನು ಇಷ್ಟು ವರ್ಷ ಗ್ರಹಿಸಿದ್ದು!"

ಈ ಸಲದ ನಗೆಗೆ ಕಿಟಕಿಯ ಗಾಜು ಅಲುಗಿತು. ಮಾಷ್ಟ್ರೂ ನಕ್ಕರು, ನಗದೆ ದಾರಿಯಿರಲಿಲ್ಲ. ಇಪ್ಪತ್ತು ವರ್ಷ ಅರೆಭಾಷೆಯ ಮನುಷ್ಯನೆಂದು ಓಡಾಡಿದವರಿಗೆ, ರವಕೆ ಹೊಲಿಯುವವಳೊಬ್ಬಳು ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಅವಳ ಮೇಲೆ ಸಿಟ್ಟು ಬರಲಿಲ್ಲ ಎನ್ನುವುದೇ ಅವರಿಗೆ ವಿಚಿತ್ರವೆನಿಸಿತು.

ಸಭೆ ಮುಗಿದು ಎಲ್ಲರೂ ಅವಲಕ್ಕಿ ತಿನ್ನುವಾಗ ಉದಯಶಂಕರ ಹತ್ತಿರ ಬಂದರು. "ಎಂತ ಬೈದೆ ಮಾರಾಯ ನೀನು! ಅರ್ಧ ನನಗೆ ಅರ್ಥವೇ ಆಗ್ಲಿಲ್ಲ" ಎಂದರು, ಕನ್ನಡದಲ್ಲಿ. ಇಬ್ಬರ ನಡುವೆ ಅದು ಬದಲಾಗಿರಲಿಲ್ಲ, ಬದಲಾಗುವುದೂ ಇಲ್ಲ. "ಬರೆದು ಕೊಡ್ತೇನೆ" ಎಂದರು ಮಾಷ್ಟ್ರು. ಹೊಟ್ಟೆಯ ಉರಿ ಪೂರ್ತಿ ಆರಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಅವಲಕ್ಕಿ ಇಳಿಯುವಷ್ಟು ಜಾಗವಾಗಿತ್ತು.

ಕೆಳಗೆ ಮಗನ ಜೀಪಿನ ಬಳಿ ಬಂದಾಗ ಮಾಷ್ಟ್ರು ನಿಂತುಬಿಟ್ಟರು. ಪ್ರೊಜೆಕ್ಟರನ್ನು ಹಿಂದಿನ ಸೀಟಿಗೆ ಏರಿಸುತ್ತ ಸುಜಯ್ ಉದಯಶಂಕರನೊಡನೆ ಮಾತಾಡುತ್ತಿದ್ದ. ಅರೆಭಾಷೆಯಲ್ಲಿ. ಉದಯಶಂಕರ ಒಂದು ಮಾತು ತಪ್ಪಿದರೆ ಇವನು ತಿದ್ದುತ್ತಿದ್ದ, ಇವನು ತಿದ್ದಿದ್ದನ್ನು ಅವರು ಮತ್ತೆ ಕೆಡಿಸುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಎಷ್ಟು ಸಲೀಸಾದ ಅರೆಭಾಷೆ! ಯಾವ ಮಾತಿಗೂ ತಡಕಾಟವಿಲ್ಲ. ತಾಯಿಯಿಂದ ಕೇಳಿ ಕಲಿತದ್ದು. ಮಗನ ಆ ದನಿಯನ್ನು ಮಾಷ್ಟ್ರು ಇಷ್ಟು ಹತ್ತಿರದಿಂದ ಕೇಳಿದ್ದೇ ಇಲ್ಲ. ಅದರಲ್ಲಿ ಒಂದು ಪುಂಡಾಟಿಕೆ ಇತ್ತು, ಸಲಿಗೆ ಇತ್ತು. ಕನ್ನಡದ ಸುಜಯನಲ್ಲಿ ಅದಾವುದೂ ಇರಲಿಲ್ಲ. ಬೋರ್ಡಿನ ಫೋಟೋ ನೋಡಿದಾಗ ಹತ್ತಿಕೊಂಡ ಬೆಂಕಿ ಇದರ ಮುಂದೆ ಏನೂ ಅಲ್ಲ ಎನಿಸಿತು.

ಜೀಪು ಹೊರಟಿತು. ಉದಯಶಂಕರ ಕಾಣಿಯೂರಿನ ದಾರಿ ಹಿಡಿದರು. ನೀಲಾವತಿ ಹಿಂದಿನ ಸೀಟಿನಲ್ಲಿ ಪ್ರೊಜೆಕ್ಟರಿನ ಡಬ್ಬ ಅಲುಗದಂತೆ ಹಿಡಿದು ಕೂತಿದ್ದಳು. ಜೀಪು ಓಡಿಸುತ್ತಿದ್ದ ಸುಜಯನ ಪಕ್ಕದಲ್ಲಿ ಮಾಷ್ಟ್ರು ಕೂತಿದ್ದರು. ಮೈಕಿನ ಮುಂದೆ ಹನ್ನೆರಡು ನಿಮಿಷ ಸರಾಗವಾಗಿ ಬಂದದ್ದು ಈಗ ಒಂದು ವಾಕ್ಯಕ್ಕೆ ಒದ್ದಾಡಿತು.

"ಉದಯನ ಹಕ್ಕಲೆ ನೀ ಅಷ್ಟ್ ಚೆಂದ ಮಾತಾಡ್ದೆ" ಎಂದರು ಮಗನಿಗೆ, ಅರೆಭಾಷೆಯಲ್ಲೇ. "ನನ್ನ ಹಕ್ಕಲೆ ಎಂತಕೆ ಇಲ್ಲೆ?"

ಸುಜಯ್ ತಟ್ಟನೆ ಅಪ್ಪನ ಕಡೆ ತಿರುಗಿ, ಮತ್ತೆ ರಸ್ತೆಗೆ ಕಣ್ಣು ಹಾಕಿದ. ತಿರುವಿನಲ್ಲಿ ಗೇರು ಬದಲಿಸಿದ. ಆಮೇಲೆ ಉತ್ತರಿಸಿದ, ಸ್ಪಷ್ಟವಾದ, ಒಂದು ಉಚ್ಚಾರವೂ ತಪ್ಪದ ಕನ್ನಡದಲ್ಲಿ:

"ಉದಯ ಮಾವ ಕಲಿಯಲಿಕ್ಕೆ ಅಂತ ಅರೆಭಾಷೆಯಲ್ಲಿ ಕೇಳಿದ್ದು, ಅದಕ್ಕೆ ಹಾಗೆ ಬಂತಪ್ಪ. ನಿಮ್ಮ ಹತ್ತಿರ ಈಗ ಹಾಗೆ ಮಾತಾಡಲಿಕ್ಕೆ ನಾಚಿಕೆ ಆಗುತ್ತದೆ. ಬೇರೆ ಯಾರದೋ ಅಪ್ಪನ ಹತ್ತಿರ ಮಾತಾಡಿದ ಹಾಗೆ ಆಗುತ್ತದೆ."